ಯುದ್ಧವೇ ಇಲ್ಲದಾಗ ವಾಯುಪಡೆಯ ವಿಮಾನ ಯಾಕೆ ಬೀಳುತ್ತದೆ? ಫಾರ್ವರ್ಡ್ ಮಾಡುವ ಮೊದಲು ಇದನ್ನೊಮ್ಮೆ ಓದಿ

2025ರ ನವೆಂಬರ್ 21, ಶುಕ್ರವಾರ. ದುಬೈ ಏರ್ ಶೋನ ಕೊನೆಯ ದಿನ. ಪ್ರದರ್ಶನ ನೀಡುತ್ತಿದ್ದ ನಮ್ಮ ತೇಜಸ್ ಯುದ್ಧವಿಮಾನ ನೋಡನೋಡುತ್ತಿದ್ದಂತೆ ನೆಲಕ್ಕೆ ಅಪ್ಪಳಿಸಿತು. ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡರು. ಅದರ ಬೆನ್ನಿಗೇ ಒಂದು ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹಾರತೊಡಗಿತು. ನಿಂತಿರುವ ತೇಜಸ್, ಅದರ ಹೊಟ್ಟೆಯಿಂದ ತೊಟ್ಟಿಕ್ಕುತ್ತಿರುವ ದ್ರವ, ಕೆಳಗೊಂದು ಸಾಲು: "ಎಣ್ಣೆ ಸೋರುತ್ತಿತ್ತು, ಆದರೂ ಹಾರಿಸಿದರು." ಇಂಥ ವಿಡಿಯೋ ಬಾಳೆಹೊಸೂರಿನ ಕಟ್ಟೆಯ ಮೇಲೆ ಕೂತವರ ಫೋನಿಗೂ, ಬೆಂಗಳೂರಿನ ಮೆಟ್ರೋದಲ್ಲಿ ನಿಂತವರ ಫೋನಿಗೂ ಒಂದೇ ಹೊತ್ತಿಗೆ ಬರುತ್ತದೆ. ನಿಮಗೂ ಬಂದಿರಬಹುದು.

ಆ ವಿಡಿಯೋ ಅಪಘಾತಕ್ಕೂ ಮುಂಚಿನದು. ವಿಮಾನ ಬೀಳುವ ಮೊದಲೇ ಅದು ಓಡಾಡುತ್ತಿತ್ತು, ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಅದಕ್ಕೆ ಉತ್ತರವನ್ನೂ ಕೊಟ್ಟಿತ್ತು. ಅದು ಎಣ್ಣೆಯಲ್ಲ, ನೀರು. ವಿಮಾನದೊಳಗಿನ ಗಾಳಿಯನ್ನು ತಂಪು ಮಾಡುವ ಮತ್ತು ಪೈಲಟ್‌ಗೆ ಆಮ್ಲಜನಕ ಒದಗಿಸುವ ವ್ಯವಸ್ಥೆಗಳಲ್ಲಿ ಗಾಳಿಯ ತೇವ ನೀರಾಗಿ ಕೂಡುತ್ತದೆ. ಅದನ್ನು ಬೇಕೆಂದೇ ಹೊರಗೆ ಬಸಿಯುತ್ತಾರೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನು ನೀವು ನೋಡಿರುತ್ತೀರಿ. ಇದೂ ಅದೇ. ಸಮುದ್ರದ ದಂಡೆಯ ದುಬೈಯಲ್ಲಿ ಗಾಳಿಯಲ್ಲಿ ತೇವ ಜಾಸ್ತಿ, ಅಷ್ಟೇ.

ಆ ವಿಮಾನ ಬಿದ್ದದ್ದು ಯಾಕೆ ಎಂಬುದಕ್ಕೆ ಇದು ಉತ್ತರವಲ್ಲ. ಅದು ತನಿಖೆಯ ಕೆಲಸ. ಆದರೆ ತನಿಖೆ ಶುರುವಾಗುವ ಮೊದಲೇ ಸುಳ್ಳು ಉತ್ತರವೊಂದು ಊರೂರು ತಲುಪಿಯಾಗಿತ್ತು.

ನಮ್ಮ ಉತ್ತರ ಕರ್ನಾಟಕದ ಹಿರಿಯರು ಇಂಥ ಸುದ್ದಿ ಕೇಳಿದಾಗ ಒಂದು ಪ್ರಶ್ನೆ ಕೇಳುತ್ತಾರೆ: "ಯುದ್ಧ ಇಲ್ಲ ಏನಿಲ್ಲ, ಹಂಗ ಹಾರ್ಲಿಕತ್ತಿದ್ದ ವಿಮಾನ ಯಾಕ ಬೀಳ್ತೈತ್ರಿ?" ಇದು ಒಳ್ಳೆಯ ಪ್ರಶ್ನೆ. ಫಾರ್ವರ್ಡುಗಳು ಇದಕ್ಕೆ ಒಂದೇ ಸಾಲಿನ ಉತ್ತರ ಕೊಡುತ್ತವೆ: ವಿಮಾನ ಹಳೆಯದು, ಅಥವಾ ಪೈಲಟ್ ತಪ್ಪು, ಅಥವಾ ಯಾರದೋ ಸಂಚು. ನಿಜವಾದ ಉತ್ತರ ಅಷ್ಟು ಸಲೀಸಲ್ಲ. ಅದನ್ನು ಹುಡುಕಲು ನಾವು ದೂರ ಹೋಗಬೇಕಾಗಿಯೂ ಇಲ್ಲ, ಕರ್ನಾಟಕದಲ್ಲೇ ಬೇಕಾದಷ್ಟು ಉದಾಹರಣೆಗಳಿವೆ.

ಬೆಂಗಳೂರಿನ ಆಕಾಶದಲ್ಲಿ ಪರೀಕ್ಷೆ

ಬೆಂಗಳೂರಿನ ಪೂರ್ವ ಭಾಗದಲ್ಲಿ ಸುರಂಜನ್ ದಾಸ್ ರಸ್ತೆ ಇದೆ. ದಿನವೂ ಸಾವಿರಾರು ಜನ ಓಡಾಡುತ್ತಾರೆ, ಹೆಸರು ಯಾರದೆಂದು ಕೇಳಿದರೆ ಹೇಳುವವರು ಕಡಿಮೆ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಪರೀಕ್ಷಾ ಪೈಲಟ್ ಆಗಿದ್ದವರು. ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿದ ಮಾರುತ್ ಯುದ್ಧವಿಮಾನವನ್ನು 1961ರ ಜೂನ್‌ನಲ್ಲಿ ಮೊದಲ ಸಲ ಹಾರಿಸಿದವರು ಅವರೇ. 1970ರ ಜನವರಿ 10ರಂದು ಅದೇ ಮಾರುತ್‌ನ ಹೆಚ್ಚು ಶಕ್ತಿಯ ಹೊಸ ಮಾದರಿಯನ್ನು ಪರೀಕ್ಷಿಸುತ್ತಿದ್ದಾಗ ವಿಮಾನ ಬಿದ್ದು ತೀರಿಕೊಂಡರು.

ಪರೀಕ್ಷಾ ಹಾರಾಟ ಎಂದರೆ ಏನು? ಒಂದು ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ರಿಪೇರಿ ಮಾಡಿಸಿದ್ದೀರಿ ಅಂದುಕೊಳ್ಳಿ. ಮೆಕ್ಯಾನಿಕ್ ಮೊದಲು ತಾನೊಂದು ಸುತ್ತು ಓಡಿಸಿ ನೋಡುತ್ತಾನೆ. ಸದ್ದು ಸರಿಯಿದೆಯೇ, ಬ್ರೇಕ್ ಹಿಡಿಯುತ್ತದೆಯೇ, ಭಾರ ಎಳೆಯುತ್ತದೆಯೇ. ದೋಷವಿದ್ದರೆ ಟ್ರ್ಯಾಕ್ಟರ್ ದಾರಿಯಲ್ಲಿ ನಿಲ್ಲುತ್ತದೆ. ಬೈದುಕೊಂಡು ನಡೆದು ಬರಬಹುದು. ವಿಮಾನದಲ್ಲಿ ನಿಲ್ಲುವ ಜಾಗವೇ ಇಲ್ಲ. ಪರೀಕ್ಷಾ ಪೈಲಟ್ ದೋಷವನ್ನು ಹುಡುಕಿಕೊಂಡೇ ಮೇಲೆ ಹೋಗುತ್ತಾನೆ, ಬೇರೆಯವರು ಅದಕ್ಕೆ ಸಿಕ್ಕಿಬೀಳದಿರಲಿ ಎಂದು.

2009ರ ಮಾರ್ಚ್ 6ರಂದು ಬಿಡದಿ ಬಳಿ ಬಿದ್ದ 'ಸರಸ್' ಇದಕ್ಕೆ ಸ್ಪಷ್ಟ ಉದಾಹರಣೆ. ಅದು ಬೆಂಗಳೂರಿನ ಎನ್‌ಎಎಲ್ ವಿನ್ಯಾಸ ಮಾಡಿದ ಸಣ್ಣ ನಾಗರಿಕ ವಿಮಾನ, ಹಾರಿಸುತ್ತಿದ್ದವರು ವಾಯುಪಡೆಯ ಪರೀಕ್ಷಾ ತಂಡದವರು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ, ಮೂವರೂ ಸತ್ತರು. ಅಂದಿನ ಪರೀಕ್ಷೆ ಏನೆಂದರೆ, ಎರಡು ಎಂಜಿನ್‌ಗಳಲ್ಲಿ ಒಂದನ್ನು ಆಕಾಶದಲ್ಲಿ ಬೇಕೆಂದೇ ಆರಿಸಿ ಮತ್ತೆ ಹೊತ್ತಿಸುವುದು. ಮುಂದೆ ಪ್ರಯಾಣಿಕರನ್ನು ಕೂರಿಸಬೇಕಾದ ವಿಮಾನಕ್ಕೆ ಈ ಪರೀಕ್ಷೆ ಬೇಕೇ ಬೇಕು. ನಾಗರಿಕ ವಿಮಾನಯಾನ ನಿರ್ದೇಶನಾಲಯದ ತನಿಖೆ ಹೇಳಿದ್ದು: ಮತ್ತೆ ಹೊತ್ತಿಸಲು ವಿನ್ಯಾಸಕರು ಬರೆದುಕೊಟ್ಟ ಕ್ರಮವೇ ಸರಿಯಿರಲಿಲ್ಲ, ಅದನ್ನು ಪಾಲಿಸುವಾಗ ಸಾಕಷ್ಟು ಎತ್ತರವೂ ಇರಲಿಲ್ಲ. ಗಮನಿಸಿ, ಇಲ್ಲಿ ಎಂಜಿನ್ ತಾನಾಗಿ ಕೆಟ್ಟಿರಲಿಲ್ಲ. ಕಾಗದದ ಮೇಲಿನ ಒಂದು ಕ್ರಮ ತಪ್ಪಾಗಿತ್ತು. ಇದನ್ನು "ವಿಮಾನದ ದೋಷ" ಅಥವಾ "ಪೈಲಟ್ ತಪ್ಪು" ಎಂಬ ಎರಡು ಡಬ್ಬಿಗಳಲ್ಲಿ ಯಾವುದರಲ್ಲಿ ಹಾಕುತ್ತೀರಿ?

ಹತ್ತು ವರ್ಷದ ನಂತರ, 2019ರ ಫೆಬ್ರವರಿ 1ರಂದು, ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಮಿರಾಜ್ 2000 ಬಿತ್ತು. ಹಳೆಯ ಮಿರಾಜನ್ನು ಹೊಸ ಉಪಕರಣಗಳೊಂದಿಗೆ ನವೀಕರಿಸಲಾಗಿತ್ತು. ವಾಯುಪಡೆ ಅದನ್ನು ಒಪ್ಪಿಸಿಕೊಳ್ಳುವ ಮೊದಲು ಹಾರಿಸಿ ನೋಡುವ ಹಂತ ಅದು. ಸ್ಕ್ವಾಡ್ರನ್ ಲೀಡರ್ ಸಮೀರ್ ಅಬ್ರೋಲ್ ಮತ್ತು ಸ್ಕ್ವಾಡ್ರನ್ ಲೀಡರ್ ಸಿದ್ಧಾರ್ಥ ನೇಗಿ ಇಬ್ಬರೂ ಹೊರಗೆ ಚಿಮ್ಮಿದರೂ ಉಳಿಯಲಿಲ್ಲ.

ಕಲಿಯುವ ಬೀದರ್, ತೋರಿಸುವ ಯಲಹಂಕ

ಬೆಂಗಳೂರು ಪರೀಕ್ಷೆಯ ಊರಾದರೆ ಬೀದರ್ ಪಾಠಶಾಲೆ. ಯುದ್ಧವಿಮಾನ ಹಾರಿಸಬೇಕಾದ ಯುವ ಪೈಲಟ್‌ಗಳು ಅಲ್ಲಿ ಹಾಕ್ ಎಂಬ ತರಬೇತಿ ಜೆಟ್‌ನಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ. ವಾಯುಪಡೆಯ ತರಬೇತಿ ಕಮಾಂಡ್‌ನ ಮುಖ್ಯ ಕಚೇರಿಯೂ ಬೆಂಗಳೂರಿನಲ್ಲೇ ಇದೆ. ಹಾಗಾಗಿ ನಮ್ಮ ರಾಜ್ಯದ ಮೇಲೆ ದಿನವೂ ಹಾರುವ ವಾಯುಪಡೆಯ ವಿಮಾನಗಳಲ್ಲಿ ಕಲಿಯುವವರು, ಕಲಿಸುವವರು ಬಹಳ. 2023ರ ಜೂನ್ 1ರಂದು ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ಹೊಲಕ್ಕೆ ಬಿದ್ದದ್ದು ಕಿರಣ್ ಎಂಬ ತರಬೇತಿ ವಿಮಾನ. ಅದರಲ್ಲಿದ್ದ ಇಬ್ಬರೂ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು.

ಮೂರನೆಯದು ಪ್ರದರ್ಶನ. ಸೂರ್ಯಕಿರಣ್ ತಂಡ ಬೀದರ್‌ನಲ್ಲಿ ನೆಲೆ ಹೊಂದಿತ್ತು. 2006ರ ಮಾರ್ಚ್‌ನಲ್ಲಿ ಅಲ್ಲಿ ಅಭ್ಯಾಸದ ವೇಳೆ ಇಬ್ಬರು, 2009ರ ಜನವರಿಯಲ್ಲಿ ಒಬ್ಬರು ಪೈಲಟ್ ಸತ್ತರು. 2007ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಅಭ್ಯಾಸ ನಡೆಸುತ್ತಿದ್ದ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್ ಬಿದ್ದು ಒಬ್ಬ ಸ್ಕ್ವಾಡ್ರನ್ ಲೀಡರ್ ತೀರಿಕೊಂಡರು. 2019ರ ಫೆಬ್ರವರಿ 19ರಂದು, ಅಂದರೆ ಮಿರಾಜ್ ಬಿದ್ದು ಮೂರು ವಾರವೂ ಆಗುವ ಮೊದಲು, ಯಲಹಂಕದಲ್ಲಿ ಎರಡು ಸೂರ್ಯಕಿರಣ್ ಹಾಕ್‌ಗಳು ಆಕಾಶದಲ್ಲೇ ತಾಕಿಕೊಂಡವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಸತ್ತರು, ಇನ್ನಿಬ್ಬರು ಬದುಕಿದರು.

ಈ ವಿಮಾನಗಳು ರೆಕ್ಕೆಗೆ ರೆಕ್ಕೆ ಕೆಲವೇ ಮೀಟರ್ ಅಂತರದಲ್ಲಿ ಹಾರುತ್ತವೆ. ಗಂಟೆಗೆ 500 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 140 ಮೀಟರ್. ರೆಪ್ಪೆ ಹೊಡೆಯುವಷ್ಟರಲ್ಲಿ ಒಂದು ಸಣ್ಣ ಹೊಲ ದಾಟಿರುತ್ತದೆ. ಇದು ನಮ್ಮ ದೇಶಕ್ಕೆ ಮಾತ್ರ ಇರುವ ಕಷ್ಟವಲ್ಲ. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ಪ್ರದರ್ಶನ ತಂಡದ ಮೂರು ಜೆಟ್‌ಗಳು ತಾಕಿ, ಒಂದು ಜನರ ಮೇಲೆ ಬಿದ್ದು 70 ಮಂದಿ ಸತ್ತರು. ನೋಡುಗರ ಸಂತೋಷಕ್ಕಾಗಿ ಇಷ್ಟು ಅಪಾಯ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ನನ್ನ ಮಟ್ಟಿಗೆ ಹೇಳುವುದಾದರೆ, ಜನವಸತಿಯ ಮೇಲೆ ಇಂಥ ಅಭ್ಯಾಸ ಬೇಡ. ಯಲಹಂಕ ಈಗ ಹಳ್ಳಿಯಾಗಿ ಉಳಿದಿಲ್ಲ.

ಇಲ್ಲಿಯ ತನಕ ಹೇಳಿದ ಯಾವ ಅಪಘಾತದಲ್ಲೂ ಶತ್ರುವಿಲ್ಲ. ಸೈನ್ಯದ ವಿಮಾನದ ಆಯುಷ್ಯದಲ್ಲಿ ಯುದ್ಧದ ಗಂಟೆಗಳು ಬಹಳ ಕಡಿಮೆ. ಉಳಿದದ್ದೆಲ್ಲ ಅಭ್ಯಾಸ, ಮತ್ತು ಆ ಅಭ್ಯಾಸ ಯುದ್ಧದ ಹಾಗೆಯೇ ಇರಬೇಕು: ತಗ್ಗಿನಲ್ಲಿ, ವೇಗವಾಗಿ, ರಾತ್ರಿಯಲ್ಲಿ, ಇನ್ನೊಂದು ವಿಮಾನದ ಬೆನ್ನು ಹತ್ತಿ. ನಾವು ಟಿಕೆಟ್ ತೆಗೆದುಕೊಂಡು ಕೂರುವ ವಿಮಾನ ಇದರಲ್ಲಿ ಒಂದನ್ನೂ ಮಾಡುವುದಿಲ್ಲ. ಎರಡನ್ನೂ ಹೋಲಿಸುವುದು ಹೈವೇ ಬಸ್ಸಿಗೂ ಬಂಡೆಗಲ್ಲಿನ ಮೇಲೆ ಓಡುವ ರ‍್ಯಾಲಿ ಕಾರಿಗೂ ಹೋಲಿಸಿದ ಹಾಗೆ.

'ಹಾರುವ ಶವಪೆಟ್ಟಿಗೆ' ಎಂಬ ಮಾತು

ಮಿಗ್-21 ಬಗ್ಗೆ ಫಾರ್ವರ್ಡ್ ಬರದ ಗ್ರೂಪೇ ಇಲ್ಲ. ಅದರಲ್ಲೊಂದು ಅಂಕಿ ಸದಾ ಇರುತ್ತದೆ: 482. ಅಂಕಿ ಸುಳ್ಳಲ್ಲ. 2012ರ ಮೇ ತಿಂಗಳಲ್ಲಿ ಅಂದಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಹೇಳಿದ್ದದು. ಕೊಂಡ 872 ಮಿಗ್ ವಿಮಾನಗಳಲ್ಲಿ 482 ಅಪಘಾತಕ್ಕೆ ಹೋಗಿವೆ, 171 ಪೈಲಟ್‌ಗಳು ಮತ್ತು 39 ನಾಗರಿಕರು ಸತ್ತಿದ್ದಾರೆ. ಆದರೆ ಆ ಲೆಕ್ಕ ಎಲ್ಲ ಬಗೆಯ ಮಿಗ್‌ಗಳದು, ಮಿಗ್-21 ಒಂದರದ್ದಲ್ಲ. ಮತ್ತು ಅದು ಸುಮಾರು ಅರ್ಧ ಶತಮಾನದ ಲೆಕ್ಕ. ಹಾಗೆಂದು ಅಂಕಿ ಸಣ್ಣದಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ವಿಮಾನಗಳು ಹೋದವು ಎಂಬುದು ಯಾವ ದೇಶಕ್ಕೂ ನುಂಗಲಾಗದ ತುತ್ತು.

ಆದರೆ "ವಿಮಾನ ಹಳೆಯದು, ಅದಕ್ಕೆ ಬಿತ್ತು" ಎನ್ನುವುದು ಅರ್ಧ ಸತ್ಯ. ಮಿಗ್-21 ಸಣ್ಣ ರೆಕ್ಕೆಯ, ಒಂದೇ ಎಂಜಿನ್ನಿನ, ಇಳಿಯುವಾಗಲೂ ಗಂಟೆಗೆ 300 ಕಿಲೋಮೀಟರಿಗಿಂತ ಜೋರಾಗಿ ಬರುವ ವಿಮಾನ. ಕಿರಣ್‌ನಂಥ ನಿಧಾನದ ಜೆಟ್‌ನಲ್ಲಿ ಕಲಿತ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನ ಹುಡುಗರು ನಡುವೆ ಮೆಟ್ಟಿಲೇ ಇಲ್ಲದೆ ನೇರವಾಗಿ ಇದಕ್ಕೆ ಹತ್ತುತ್ತಿದ್ದರು. ಮೊಪೆಡ್ ಕಲಿತವನ ಕೈಗೆ ರೇಸ್ ಬೈಕ್ ಕೊಟ್ಟ ಹಾಗೆ. ನಡುವಿನ ಮೆಟ್ಟಿಲಾಗಿ ಒಂದು ಸುಧಾರಿತ ತರಬೇತಿ ಜೆಟ್ ಬೇಕು ಎಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ. ಹಾಕ್ ಬೀದರ್‌ನಲ್ಲಿ ಅಧಿಕೃತವಾಗಿ ವಾಯುಪಡೆಗೆ ಸೇರಿದ್ದು 2008ರಲ್ಲಿ. ಆ 26 ವರ್ಷಗಳ ಕಡತ ಓಡಾಟವನ್ನೂ ಅಪಘಾತದ ಕಾರಣಗಳ ಪಟ್ಟಿಯಲ್ಲಿ ಬರೆಯಬೇಕು. ಕಬ್ಬಿಣಕ್ಕೆ ಮಾತ್ರ ಬೈದರೆ ಸಾಲದು.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ನಿವೃತ್ತಿಯಾಯಿತು. ಇನ್ನು ಆ ಫಾರ್ವರ್ಡ್‌ಗೂ ನಿವೃತ್ತಿ ಕೊಡಬಹುದು.

ಹಾಗಾದರೆ ಅಪಘಾತಗಳು ಹೆಚ್ಚುತ್ತಿವೆಯೇ? ಸುದ್ದಿ ನೋಡಿದರೆ ಹಾಗೆ ಅನಿಸುತ್ತದೆ. 2025ರಲ್ಲೇ ಮಾರ್ಚ್, ಏಪ್ರಿಲ್, ಜುಲೈ ತಿಂಗಳುಗಳಲ್ಲಿ ಮೂರು ಜಾಗ್ವಾರ್‌ಗಳು ಬಿದ್ದವು. ಆದರೆ ಎಷ್ಟು ಬಿದ್ದವು ಎಂದು ಎಣಿಸುವುದಕ್ಕಿಂತ, ಎಷ್ಟು ಹೊತ್ತು ಹಾರಿದ್ದಕ್ಕೆ ಎಷ್ಟು ಬಿದ್ದವು ಎಂದು ನೋಡುವುದು ಸರಿಯಾದ ಲೆಕ್ಕ. ರಕ್ಷಣಾ ಸಚಿವಾಲಯ ಸಂಸದೀಯ ಸಮಿತಿಗೆ ಕೊಟ್ಟ ಅಂಕಿಯ ಪ್ರಕಾರ, 10,000 ಹಾರಾಟ ಗಂಟೆಗಳಿಗೆ ಅಪಘಾತದ ಪ್ರಮಾಣ 2000-2005ರಲ್ಲಿ 0.93 ಇತ್ತು. 2017-2022ರಲ್ಲಿ 0.27, 2020-2024ರಲ್ಲಿ 0.20. ಬಿಡಿಸಿ ಹೇಳಿದರೆ, ಆಗ ಸುಮಾರು 11,000 ಗಂಟೆಗೊಂದು ಅಪಘಾತ, ಈಗ ಸುಮಾರು 50,000 ಗಂಟೆಗೊಂದು. ಇಳಿದದ್ದು ನಿಜ. ಹಾಗೆಂದು ಆ ಒಂದರಲ್ಲಿ ಇದ್ದವರ ಮನೆಯವರಿಗೆ ಈ ಶೇಕಡಾವಾರು ಯಾವ ಸಮಾಧಾನವನ್ನೂ ಕೊಡದು.

'ಮಾನವ ದೋಷ' ಎಂದರೆ ಪೈಲಟ್ ಬೇಜವಾಬ್ದಾರಿಯೇ?

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

2021ರ ಡಿಸೆಂಬರ್ 8ರಂದು ತಮಿಳುನಾಡಿನ ಸೂಲೂರಿನಿಂದ ವೆಲ್ಲಿಂಗ್ಟನ್‌ಗೆ ಹೊರಟಿದ್ದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಕೂನೂರಿನ ಬಳಿ ಬಿತ್ತು. ಜನರಲ್ ಬಿಪಿನ್ ರಾವತ್, ಅವರ ಪತ್ನಿ ಸೇರಿ 14 ಮಂದಿ ಹೋದರು. ಕೊನೆಯವರು ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಡಿಸೆಂಬರ್ 15ರಂದು. ಅದಕ್ಕೂ ಮುಂಚಿನ ವರ್ಷ ಇದೇ ವರುಣ್ ಸಿಂಗ್ ಹತೋಟಿ ತಪ್ಪಿದ ತೇಜಸ್ ಒಂದನ್ನು ಬಿಟ್ಟು ಜಿಗಿಯದೆ ಸುರಕ್ಷಿತವಾಗಿ ಇಳಿಸಿ ಶೌರ್ಯ ಚಕ್ರ ಪಡೆದಿದ್ದರು.

ಆಗ ಬಂದ ಫಾರ್ವರ್ಡುಗಳು ನೆನಪಿರಬಹುದು. ಚೀನಾ ಸಂಚು, ಲೇಸರ್, ಒಳಗಿನವರ ಕೈವಾಡ. ಮೂರೂ ಸೇನೆಗಳ ಜಂಟಿ ತನಿಖೆಯ ಮುಖ್ಯಸ್ಥರಾಗಿದ್ದವರು ಬೆಂಗಳೂರಿನ ತರಬೇತಿ ಕಮಾಂಡ್‌ನ ಏರ್ ಮಾರ್ಷಲ್ ಮಾನವೇಂದ್ರ ಸಿಂಗ್. 2022ರ ಜನವರಿಯಲ್ಲಿ ವಾಯುಪಡೆ ಹೇಳಿತು: ಯಂತ್ರದೋಷವಲ್ಲ, ಸಂಚಲ್ಲ, ನಿರ್ಲಕ್ಷ್ಯವೂ ಅಲ್ಲ. ಕಣಿವೆಯಲ್ಲಿ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತು, ಸುಸ್ಥಿತಿಯಲ್ಲಿದ್ದ ಹೆಲಿಕಾಪ್ಟರ್ ಬೆಟ್ಟಕ್ಕೆ ಹೋಗಿ ತಾಕಿತು. ಮುಂದೆ 2024ರ ಡಿಸೆಂಬರ್‌ನಲ್ಲಿ ಸಂಸದೀಯ ಸಮಿತಿಯ ವರದಿಯೊಂದರಲ್ಲಿ ಇದೇ ಅಪಘಾತದ ಎದುರಿಗೆ ಕಾರಣದ ಕಲಂನಲ್ಲಿ "ಮಾನವ ದೋಷ (ಸಿಬ್ಬಂದಿ)" ಎಂದು ಬರೆದಿತ್ತು. ಕೂಡಲೇ ಹೊಸ ಫಾರ್ವರ್ಡ್ ಶುರು: "ಕೊನೆಗೂ ಸತ್ಯ ಹೊರಬಂತು, ಪೈಲಟ್‌ನದ್ದೇ ತಪ್ಪು!"

ಎರಡೂ ಮಾತು ಒಂದೇ. ಅದು ಹೇಗೆಂದು ತಿಳಿಯಲು ನಮ್ಮ ಕಿವಿಯೊಳಗೆ ಇಣುಕಬೇಕು.

ನಿಮಗೊಂದು ಅನುಭವ ಆಗಿಯೇ ಇರುತ್ತದೆ. ಗದಗ ಬಸ್ ನಿಲ್ದಾಣದಲ್ಲಿ ನಿಂತ ಬಸ್ಸಿನ ಕಿಟಕಿ ಪಕ್ಕ ಕೂತಿದ್ದೀರಿ. ಪಕ್ಕದ ಬಸ್ ಹಿಂದಕ್ಕೆ ಸರಿಯುತ್ತದೆ. ನಿಮ್ಮ ಬಸ್ಸೇ ಮುಂದೆ ಹೋದ ಹಾಗೆ ಅನಿಸಿ ಒಮ್ಮೆ ಸೀಟು ಹಿಡಿಯುತ್ತೀರಿ. ಇನ್ನೊಂದು: ಜಾತ್ರೆಯಲ್ಲಿ ಗಿರಗಿಟ್ಲೆ ಸುತ್ತಿ ಇಳಿದ ಮಗು ನೆಲದ ಮೇಲೆ ನಿಂತರೂ ತೂರಾಡುತ್ತದೆ. ನೆಲ ಸುತ್ತುತ್ತಿಲ್ಲ, ಆದರೆ ಅದರ ಮಿದುಳಿಗೆ ಸುತ್ತುತ್ತಿದೆ.

ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಕೊಳವೆಗಳಿವೆ. ತಲೆ ತಿರುಗಿದಾಗ ಕೊಳವೆ ತಿರುಗುತ್ತದೆ, ದ್ರವ ಸ್ವಲ್ಪ ಹಿಂದೆ ಉಳಿಯುತ್ತದೆ. ಆ ವ್ಯತ್ಯಾಸವನ್ನು ಸೂಕ್ಷ್ಮ ಕೂದಲುಗಳು ಅಳೆದು ಮಿದುಳಿಗೆ ಹೇಳುತ್ತವೆ. ಆದರೆ ಒಂದೇ ಸಮನೆ ಹತ್ತಿಪ್ಪತ್ತು ಸೆಕೆಂಡು ತಿರುಗುತ್ತಲೇ ಇದ್ದರೆ ದ್ರವವೂ ಅದೇ ವೇಗಕ್ಕೆ ಬಂದುಬಿಡುತ್ತದೆ. ಆಗ ಕಿವಿ "ನೇರವಾಗಿ ಹೋಗುತ್ತಿದ್ದೇವೆ" ಎನ್ನುತ್ತದೆ, ವಿಮಾನ ಇನ್ನೂ ವಾಲಿಕೊಂಡೇ ತಿರುಗುತ್ತಿರುತ್ತದೆ. ಪೈಲಟ್ ಅದನ್ನು ನೆಟ್ಟಗೆ ಮಾಡಿದ ಕ್ಷಣ ಕಿವಿ "ಈಗ ಎದುರು ದಿಕ್ಕಿಗೆ ತಿರುಗಿದೆವು" ಎಂದು ಕೂಗುತ್ತದೆ. ಹೊರಗೆ ಗುಡ್ಡ, ದಿಗಂತ ಕಾಣುತ್ತಿದ್ದರೆ ಕಣ್ಣು ಆ ಸುಳ್ಳನ್ನು ತಿದ್ದುತ್ತದೆ. ಮಳೆಗಾಲದ ಬೆಳಗ್ಗೆ ಕಪ್ಪತಗುಡ್ಡದ ತಲೆಯ ಮೇಲೆ ಮೋಡ ಕೂತಾಗ ಗುಡ್ಡವೇ ಇಲ್ಲದಂತೆ ಕಾಣುವುದನ್ನು ನೀವು ನೋಡಿದ್ದೀರಿ. ಅಂಥ ಬಿಳುಪಿನೊಳಗೆ ಕಣ್ಣಿಗೆ ಕೆಲಸವಿಲ್ಲ. ಉಳಿಯುವುದು ಸುಳ್ಳು ಹೇಳುವ ಕಿವಿ ಮತ್ತು ಎದುರಿಗಿನ ಉಪಕರಣ. ಇಡೀ ದೇಹ ಒಂದು ಹೇಳುವಾಗ ಉಪಕರಣದ ಮುಳ್ಳನ್ನೇ ನಂಬಬೇಕು, ಅದೂ ಕೆಲವೇ ಸೆಕೆಂಡುಗಳಲ್ಲಿ, ಅದೂ ಬೆಟ್ಟದ ಪಕ್ಕದಲ್ಲಿ.

ಇದು ಎಷ್ಟು ಅನುಭವಿಯನ್ನೂ ಬಿಡುವುದಿಲ್ಲ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಅಲ್ಲಿ ಪೈಲಟ್‌ಗಳನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ ಬೇಕೆಂದೇ ದಿಕ್ಕು ತಪ್ಪಿಸುತ್ತಾರೆ, ದೇಹ ಎಷ್ಟು ಸಲೀಸಾಗಿ ಮೋಸ ಹೋಗುತ್ತದೆ ಎಂದು ಅವರಿಗೇ ಗೊತ್ತಾಗಲಿ ಎಂದು. ಹಾಗಾಗಿ ತನಿಖೆಯ ಭಾಷೆಯಲ್ಲಿ "ಮಾನವ ದೋಷ" ಎಂದರೆ ಮನುಷ್ಯನ ದೇಹ ಮತ್ತು ಮನಸ್ಸಿನ ಮಿತಿಯೂ ಅದರಲ್ಲಿ ಬರುತ್ತದೆ. ಅದು ಚಾರ್ಜ್‌ಶೀಟ್ ಅಲ್ಲ. 2017ರಿಂದ 2022ರವರೆಗಿನ 34 ಅಪಘಾತಗಳ ಆ ಪಟ್ಟಿಯಲ್ಲಿ ಹಲವು ಕಡೆ ಇದೇ ಮಾತಿದೆ. ಓದುವಾಗ ಇದು ನೆನಪಿರಲಿ.

ಹೊರಗೆ ಚಿಮ್ಮಿದರೆ ಬದುಕಿದ ಹಾಗೆಯೇ?

ಅಲ್ಲ. ಇಜೆಕ್ಷನ್ ಸೀಟ್ ಎಂದರೆ ಪೈಲಟ್ ಕೂತ ಕುರ್ಚಿಯ ಕೆಳಗೆ ಸ್ಫೋಟಕ ಮತ್ತು ರಾಕೆಟ್. ಹಿಡಿ ಎಳೆದರೆ ಗಾಜಿನ ಮುಚ್ಚಳ ಹಾರಿಹೋಗಿ ಅಥವಾ ಸಿಡಿದು, ಕುರ್ಚಿ ಸಮೇತ ಮನುಷ್ಯ ಮೇಲಕ್ಕೆ ಚಿಮ್ಮುತ್ತಾನೆ. ಆ ಗಳಿಗೆಯಲ್ಲಿ ಅವನ ಮೈಭಾರ ಹತ್ತು ಹದಿನೈದು ಪಟ್ಟಿಗಿಂತ ಹೆಚ್ಚಾದಂತೆ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಬದುಕಿ ಬಂದವರಲ್ಲೂ ಬೆನ್ನುಮೂಳೆ ಬಿರುಕು ಸಾಮಾನ್ಯ. ಆಧುನಿಕ ಸೀಟುಗಳು ನೆಲದ ಮೇಲೆ ನಿಂತ ವಿಮಾನದಿಂದಲೂ ಉಳಿಸಬಲ್ಲವು, ಆದರೆ ವಿಮಾನ ಪಕ್ಕಕ್ಕೆ ವಾಲಿದ್ದರೆ, ಮೂತಿ ನೆಲಕ್ಕೆ ಮಾಡಿದ್ದರೆ ಲೆಕ್ಕ ಬದಲಾಗುತ್ತದೆ. ಹಾಗಿದ್ದೂ ಮಾರ್ಟಿನ್-ಬೇಕರ್ ಎಂಬ ಒಂದೇ ಕಂಪನಿಯ ಸೀಟುಗಳು ಜಗತ್ತಿನಲ್ಲಿ 7,700ಕ್ಕೂ ಹೆಚ್ಚು ಜೀವ ಉಳಿಸಿವೆ.

ಮೊದಲ ಗಂಟೆಯ ಸುದ್ದಿ

2023ರ ಜನವರಿ 28ರ ಬೆಳಗ್ಗೆ. ಗ್ವಾಲಿಯರ್‌ನಿಂದ ಹಾರಿದ್ದ ಸುಖೋಯ್-30 ಮತ್ತು ಮಿರಾಜ್ 2000 ಅಭ್ಯಾಸದ ವೇಳೆ ಮಧ್ಯಪ್ರದೇಶದ ಮೊರೆನಾದ ಬಳಿ ಬಿದ್ದವು. ಅವಶೇಷದ ಒಂದು ಭಾಗ ಪಕ್ಕದ ರಾಜಸ್ಥಾನದ ಭರತ್‌ಪುರದಲ್ಲಿ ಬಿತ್ತು. ಮೊದಲ ಗಂಟೆಯಲ್ಲಿ ಟಿವಿಯಲ್ಲಿ ಬಂದದ್ದೇನು? ಭರತ್‌ಪುರದಲ್ಲಿ ಬಾಡಿಗೆ ವಿಮಾನವೊಂದು ಬಿದ್ದಿದೆ ಎಂದು. ಅಲ್ಲಿಗೆ ಒಂದೇ ದಿನ ಮೂರು ವಿಮಾನ! ಅದನ್ನು ಹೇಳಿದ್ದು ಯಾವುದೋ ಫೇಕ್ ಅಕೌಂಟ್ ಅಲ್ಲ, ಸ್ಥಳೀಯ ಅಧಿಕಾರಿಗಳ ಮೊದಲ ಅಂದಾಜು. ಹೊತ್ತೇರಿದ ಮೇಲೆ ಸರಿಯಾಯಿತು.

ಸುಖೋಯ್‌ನ ಇಬ್ಬರು ಬದುಕಿದರು. ಮಿರಾಜ್‌ನಲ್ಲಿ ಒಬ್ಬರೇ ಇದ್ದರು: ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ. ಬೆಳಗಾವಿಯ ಆ ಮನೆಯಲ್ಲೂ ಫೋನುಗಳಿದ್ದವು. ಸಂಖ್ಯೆಯೇ ಸರಿಯಿಲ್ಲದ, ಹೆಸರೇ ಇಲ್ಲದ, "ಪೈಲಟ್‌ಗಳು ಸೇಫ್" ಎಂತಲೋ "ಎಲ್ಲರೂ ಸತ್ತರು" ಎಂತಲೋ ಹೇಳುವ ಮೆಸೇಜು ಅಂಥ ಮನೆಗೆ ಅಧಿಕೃತ ಕರೆಗಿಂತ ಮೊದಲು ತಲುಪಬಹುದು. ವಾಯುಪಡೆ ಹೆಸರು ಹೇಳಲು ತಡಮಾಡುವುದು ಈ ಕಾರಣಕ್ಕೆ. ಮುಚ್ಚಿಡಲು ಅಲ್ಲ.

ವಿಡಿಯೋಗಳ ಕಥೆ ಇನ್ನೂ ಕೆಟ್ಟದ್ದು. 2019ರ ಯಲಹಂಕ ಅಪಘಾತದಲ್ಲಿ ಬದುಕಿದ ಪೈಲಟ್ ಗಾಯಗೊಂಡು ನೆಲದ ಮೇಲೆ ಮಲಗಿದ್ದಾಗ ಯಾರೋ ವಿಡಿಯೋ ಮಾಡಿದರು. ಎಂಟು ದಿನದ ನಂತರ, ಫೆಬ್ರವರಿ 27ರಂದು ಅಭಿನಂದನ್ ಪಾಕಿಸ್ತಾನದಲ್ಲಿ ಸೆರೆಸಿಕ್ಕಾಗ, ಅದೇ ಬೆಂಗಳೂರಿನ ವಿಡಿಯೋ "ಸೆರೆಸಿಕ್ಕ ಇನ್ನೊಬ್ಬ ಭಾರತೀಯ ಪೈಲಟ್" ಎಂಬ ಹೆಸರಿನಲ್ಲಿ ಗಡಿಯಾಚೆಯಿಂದ ಹರಿದಾಡಿತು. ನಮ್ಮವರು ಮಾಡಿದ ವಿಡಿಯೋ ನಮ್ಮ ವಿರುದ್ಧವೇ ಪ್ರಚಾರವಾಯಿತು. ಕೂನೂರು ಅಪಘಾತದ ದಿನ ಓಡಾಡಿದ, ಆಕಾಶದಲ್ಲೇ ಹೊತ್ತಿ ಉರಿಯುವ ಹೆಲಿಕಾಪ್ಟರ್‌ನ ದೃಶ್ಯ ಸಿರಿಯಾದ್ದು, 2020ರದ್ದು. 2025ರ ಮೇ ತಿಂಗಳಲ್ಲಿ "ಬಿದ್ದ ರಫೇಲ್" ಎಂದು ಬಂದ ಚಿತ್ರ 2021ರಲ್ಲಿ ಪಂಜಾಬಿನ ಮೋಗಾದಲ್ಲಿ ಬಿದ್ದ ಮಿಗ್-21.

ಪತ್ತೆ ಮಾಡುವುದು ಕಷ್ಟವಲ್ಲ. ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ, ಹಳೆಯದಾದರೆ ಹಳೆಯ ಸುದ್ದಿ ಮೇಲೆ ಬರುತ್ತದೆ. ವಿಡಿಯೋ ಆದರೆ ಒಂದು ದೃಶ್ಯದ ಸ್ಕ್ರೀನ್‌ಶಾಟ್ ಸಾಕು. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದು, ಕಳಿಸಿದ ನಿಮ್ಮ ಮಾವನೋ ಮೇಷ್ಟ್ರೋ ಕಣ್ಣಾರೆ ಕಂಡದ್ದಲ್ಲ.

ಆದರೆ ತಪ್ಪೆಲ್ಲ ಫಾರ್ವರ್ಡ್ ಮಾಡುವವರದೇ ಎನ್ನುವುದೂ ನ್ಯಾಯವಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದಾಗ, ಸರಿಯಾಗಿ ಒಂದು ತಿಂಗಳಿಗೆ ಪ್ರಾಥಮಿಕ ವರದಿ ಎಲ್ಲರ ಕೈಗೆ ಸಿಕ್ಕಿತು. ವಾಯುಪಡೆಯ ಅಪಘಾತದಲ್ಲಿ ಹಾಗಿಲ್ಲ. ಕೋರ್ಟ್ ಆಫ್ ಎನ್‌ಕ್ವೈರಿ ನಡೆಯುತ್ತದೆ, ವರದಿ ಒಳಗೇ ಉಳಿಯುತ್ತದೆ. ರಹಸ್ಯ ಉಪಕರಣಗಳ ವಿಷಯ ಇರುವುದರಿಂದ ಪೂರ್ತಿ ವರದಿ ಹೊರಹಾಕಲಾಗದು ಎಂಬುದು ಅರ್ಥವಾಗುವ ಮಾತು. ಆದರೆ ಕೂನೂರಿನ ವಿಷಯದಲ್ಲಿ ಕೊಟ್ಟಂತೆ ಅರ್ಧ ಪುಟದ ಸಾರಾಂಶವನ್ನು ಪ್ರತಿ ಅಪಘಾತಕ್ಕೂ ಕೊಡಬಹುದಲ್ಲ? ಖಾಲಿ ಬಿಟ್ಟ ಜಾಗದಲ್ಲಿ ಕಳೆ ಬೆಳೆಯುತ್ತದೆ ಎಂದು ಹೊಲ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ.

ದೊಡ್ಡ ಸದ್ದು ಕೇಳಿದರೆ

ಎಲ್ಲ ಸದ್ದೂ ಅಪಘಾತವಲ್ಲ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಕಿಟಕಿಗಳು ನಡುಗುವಂಥ ಸದ್ದಾಯಿತು. ಭೂಕಂಪ ಎಂದರು, ವಿಮಾನ ಬಿತ್ತೆಂದರು. ಅದು ವಾಯುಪಡೆಯ ಪರೀಕ್ಷಾ ವಿಮಾನವೊಂದು ಶಬ್ದದ ವೇಗ ದಾಟಿದಾಗಿನ ಸದ್ದು. ವಿಮಾನ 65ರಿಂದ 80 ಕಿಲೋಮೀಟರ್ ದೂರವಿದ್ದರೂ ಅದು ಕೇಳಿಸಬಹುದು ಎಂದು ರಕ್ಷಣಾ ಇಲಾಖೆಯೇ ಹೇಳಿತ್ತು. ಹಾಗೆಯೇ ವಿಮಾನದಿಂದ ಏನೋ ಬಿದ್ದುದನ್ನು ಕಂಡರೆ ಅದು ಒಡೆದು ಬೀಳುತ್ತಿದೆ ಎಂದೇನಲ್ಲ. 2019ರ ಜೂನ್‌ನಲ್ಲಿ ಅಂಬಾಲಾದಲ್ಲಿ ಜಾಗ್ವಾರ್‌ಗೆ ಹಕ್ಕಿ ಬಡಿದು ಒಂದು ಎಂಜಿನ್ ಹೋದಾಗ, ಪೈಲಟ್ ಭಾರ ಇಳಿಸಲು ಹೆಚ್ಚುವರಿ ಇಂಧನ ಟ್ಯಾಂಕ್‌ಗಳನ್ನು ಕಳಚಿ ಬಿಟ್ಟು ಸುರಕ್ಷಿತವಾಗಿ ಇಳಿದರು.

ನಿಮ್ಮ ಹೊಲಕ್ಕೇ ಬಿದ್ದರೆ

ಭೋಗಾಪುರದವರು ಅಂದು ಬೆಳಗ್ಗೆ ಇದನ್ನು ಯೋಚಿಸಿರಲಿಲ್ಲ. ಹಿರಿಯೂರು ತಾಲ್ಲೂಕಿನ ವದ್ದಿಕೆರೆಯವರೂ ಯೋಚಿಸಿರಲಿಲ್ಲ, 2023ರ ಆಗಸ್ಟ್‌ನಲ್ಲಿ ಡಿಆರ್‌ಡಿಒದ ತಪಸ್ ಡ್ರೋನ್ ಅಲ್ಲಿನ ಹೊಲದಲ್ಲಿ ಬೀಳುವ ತನಕ. ಎರಡೂ ಕಡೆ ಜನ ಮೊದಲು ಮಾಡಿದ್ದು ಓಡಿಬಂದು ಸುತ್ತ ನಿಂತದ್ದು. ಸಹಜ. ಆದರೆ ಅಪಾಯ.

112ಕ್ಕೆ ಕರೆ ಮಾಡಿ, ಊರು ಮತ್ತು ಹೊಲದ ಗುರುತು ಹೇಳಿ. ಉರಿಯುತ್ತಿದ್ದರೆ ಗಾಳಿ ಬೀಸುವ ಕಡೆಗೆ ನಿಲ್ಲಬೇಡಿ. ಈಗಿನ ವಿಮಾನಗಳಲ್ಲಿ ಕಾರ್ಬನ್ ನಾರಿನ ಭಾಗಗಳಿರುತ್ತವೆ, ಸುಟ್ಟಾಗ ಅದರ ಸಣ್ಣ ಎಳೆಗಳು ಹೊಗೆಯೊಡನೆ ಶ್ವಾಸಕೋಶಕ್ಕೆ ಹೋಗುತ್ತವೆ. ಕುರ್ಚಿಯಂಥದ್ದು ಬಿದ್ದಿದ್ದರೆ ಹತ್ತಿರ ಹೋಗಲೇಬೇಡಿ, ಅದರಲ್ಲಿ ಸಿಡಿಯದೆ ಉಳಿದ ಸ್ಫೋಟಕ ಇರಬಹುದು. ತುಂಡುಗಳನ್ನು ನೆನಪಿಗೆಂದು ಮನೆಗೆ ಒಯ್ಯುವವರಿದ್ದಾರೆ. ಎಲ್ಲಿ ಯಾವ ತುಂಡು ಬಿದ್ದಿದೆ ಎಂಬುದೇ ತನಿಖೆಯವರಿಗೆ ಅರ್ಧ ಉತ್ತರ, ಆದ್ದರಿಂದ ಇದ್ದದ್ದು ಇದ್ದಲ್ಲೇ ಇರಲಿ. ಕಿತ್ತಳೆ ಬಣ್ಣದ ಪೆಟ್ಟಿಗೆ ಕಂಡರೆ ಅದೇ ಎಲ್ಲರೂ ಹೇಳುವ 'ಬ್ಲ್ಯಾಕ್ ಬಾಕ್ಸ್', ಅದನ್ನಂತೂ ಮುಟ್ಟಬೇಡಿ.

ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದಿದ್ದರೆ ಕೈ ಹಿಡಿದು ಎಬ್ಬಿಸಲು ಹೋಗಬೇಡಿ. ನೋಡಲು ಗಾಯವೇ ಇಲ್ಲದಂತಿದ್ದರೂ ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಬಿದ್ದ ಭಂಗಿಯಲ್ಲೇ ಮಲಗಿರಲಿ, ಬಿಸಿಲಿದ್ದರೆ ಕಂಬಳಿಯೋ ಪ್ಯಾರಾಚೂಟ್ ಬಟ್ಟೆಯೋ ಹಿಡಿದು ನೆರಳು ಮಾಡಿ, ಹೆಸರು ಕೇಳಿ ಮಾತಾಡಿಸುತ್ತಿರಿ. ಸುತ್ತ ನಿಂತವರಲ್ಲಿ ಒಬ್ಬರು ಉಳಿದವರ ಫೋನುಗಳನ್ನು ಜೇಬಿಗೆ ಹಾಕಿಸಿ, ಆಂಬುಲೆನ್ಸ್ ಬರುವ ಹೊಲದ ದಾರಿಯಲ್ಲಿ ನಿಂತ ಬೈಕುಗಳನ್ನು ತೆಗೆಸಲಿ.